ಒಂದು ಶಿಲಿಂಗಿನ ತೀರ್ಪು



ಮಕ್ಕಳ ಪುಸ್ತಕ ಎಂಬುದೊಂದು ವಿಚಿತ್ರವಾದ ಸರಕು. ಅದನ್ನು ಬರೆಯುವವರು ದೊಡ್ಡವರು. ಚಿತ್ರ ಬಿಡಿಸುವವರು, ಅಚ್ಚು ಹಾಕುವವರು, ಮಾರುವವರು ದೊಡ್ಡವರು. ಗ್ರಂಥಾಲಯಕ್ಕೆ ಆರಿಸುವವರು, ಬಹುಮಾನ ಕೊಡುವವರು, ಪತ್ರಿಕೆಯಲ್ಲಿ ವಿಮರ್ಶೆ ಬರೆಯುವವರು ದೊಡ್ಡವರೇ. ಕೊನೆಗೆ ಅಂಗಡಿಯಲ್ಲಿ ನಿಂತು ಪುಟ ತಿರುವಿ, ಬೆಲೆ ನೋಡಿ, ಹಣ ಕೊಡುವವರೂ ಅಪ್ಪ ಅಮ್ಮಂದಿರು. ಓದುವವರು ಮಾತ್ರ ಮಕ್ಕಳು. ಮಗುವಿಗೆ ಒಂದು ಅಂಗಿ ಕೊಳ್ಳುವಾಗ ಅದನ್ನು ಮೈಗೆ ಹಿಡಿದು ನೋಡುತ್ತೇವೆ, ಕಂಕುಳಲ್ಲಿ ಬಿಗಿಯೇ ಎಂದು ಕೇಳುತ್ತೇವೆ. ಪುಸ್ತಕ ಕೊಳ್ಳುವಾಗ ಕೇಳುವುದು ಕಡಿಮೆ. ಮನೆಗೆ ತಂದು ಕೈಗೆ ಕೊಟ್ಟು, ‘ಓದು, ಒಳ್ಳೆಯ ಪುಸ್ತಕ’ ಎಂದುಬಿಟ್ಟರೆ ತೀರ್ಪು ಮುಗಿಯಿತು. ಇನ್ನು ಮಗು ಹೇಳುವುದಕ್ಕೆ ಏನು ಉಳಿಯಿತು?

ಆದರೆ ಮಕ್ಕಳನ್ನು ಕೇಳಿದವರು ಕೆಲವರು ಇದ್ದಾರೆ. ಕೇಳಿ ಸುಮ್ಮನಾಗದೆ, ಅವರು ಹೇಳಿದ್ದಕ್ಕೆ ಬೆಲೆ ಕೊಟ್ಟವರೂ ಇದ್ದಾರೆ. ಅವರ ಅನುಭವ ಏನು ಹೇಳುತ್ತದೆ? ಮಕ್ಕಳ ಅಭಿರುಚಿಯನ್ನು ನಂಬಬಹುದೆ? ಅದಕ್ಕಿಂತ ಮುಖ್ಯವಾಗಿ, ಅಭಿಪ್ರಾಯ ಹೇಳಿದ ಮಗುವಿಗೆ ಅದರಿಂದ ಏನಾಗುತ್ತದೆ? ಇಂದಿನ ಮಾತು ಈ ಪ್ರಶ್ನೆಗಳ ಸುತ್ತ.

ಮೊದಲು ಒಬ್ಬ ಹುಡುಗನ ಕಥೆ. ಲಂಡನ್ನಿನಲ್ಲಿ ‘ಅಲೆನ್ ಅಂಡ್ ಅನ್ವಿನ್’ ಎಂಬ ಪ್ರಕಾಶನ ಸಂಸ್ಥೆ ಇತ್ತು. ಅದರ ಒಡೆಯ ಸ್ಟ್ಯಾನ್ಲಿ ಅನ್ವಿನ್. ವ್ಯವಹಾರದಲ್ಲಿ ಬಿಗಿ, ಹಣದ ವಿಷಯದಲ್ಲಿ ಎಚ್ಚರ. ಅವರಿಗೊಂದು ನಂಬಿಕೆ ಇತ್ತು: ಮಕ್ಕಳ ಪುಸ್ತಕಕ್ಕೆ ಮಕ್ಕಳೇ ಸರಿಯಾದ ಪರೀಕ್ಷಕರು. ಆದ್ದರಿಂದ ಕಚೇರಿಗೆ ಮಕ್ಕಳ ಪುಸ್ತಕದ ಹಸ್ತಪ್ರತಿ ಬಂದರೆ ಅದನ್ನು ಮನೆಗೆ ಒಯ್ದು ತಮ್ಮ ಮಗ ರೇನರನ ಕೈಗೆ ಕೊಡುತ್ತಿದ್ದರು. ಅವನು ಓದಿ, ಒಂದು ಸಣ್ಣ ವರದಿ ಬರೆದುಕೊಡಬೇಕು. ವರದಿಗೆ ಕೂಲಿ ಒಂದು ಶಿಲಿಂಗ್. ಅಪ್ಪ ಮಗನ ನಡುವಿನ ಆಟವಲ್ಲ ಇದು. ಕೆಲಸ, ಅದಕ್ಕೆ ಸಂಬಳ.

1936ರಲ್ಲಿ ಆ ಸಂಸ್ಥೆಯ ಉದ್ಯೋಗಿ ಸೂಸನ್ ಡ್ಯಾಗ್ನಲ್ ಎಂಬವರ ಮೂಲಕ ಒಂದು ಬೆರಳಚ್ಚು ಪ್ರತಿ ಬಂತು. ಬರೆದವರು ಆಕ್ಸ್‌ಫರ್ಡಿನ ಪ್ರಾಧ್ಯಾಪಕ ಜೆ.ಆರ್.ಆರ್. ಟೋಲ್ಕಿನ್. ಹಳೆಯ ಇಂಗ್ಲಿಷಿನ ವಿದ್ವಾಂಸರು. ಕಥೆಗಾರರೆಂದು ಹೊರಗಿನವರಿಗೆ ಹೆಸರಿರಲಿಲ್ಲ. ಬಿಲದೊಳಗೆ ಸುಖವಾಗಿದ್ದ ಒಬ್ಬ ಕುಳ್ಳ ಜೀವಿಯು ಮಾಂತ್ರಿಕನೊಬ್ಬನ ಒತ್ತಾಯಕ್ಕೆ ಸಿಕ್ಕಿ, ಡ್ರ್ಯಾಗನ್ನಿನ ಸಂಪತ್ತನ್ನು ಹುಡುಕಿ ಹೋಗುವ ಕಥೆ. ‘ದಿ ಹಾಬಿಟ್’ ಅದರ ಹೆಸರು. ರೇನರನಿಗೆ ಆಗ ಹತ್ತು ವರ್ಷ. 1936ರ ಅಕ್ಟೋಬರ್ 30ರಂದು ಅವನು ವರದಿ ಬರೆದ. ಕಥೆಯ ಸಾರಾಂಶ ಕೆಲವು ಸಾಲು, ಕಾಗುಣಿತದ ತಪ್ಪುಗಳು ಕೆಲವು, ಕೊನೆಗೆ ತೀರ್ಪು. ನಕ್ಷೆಗಳಿದ್ದರೆ ಸಾಕು, ಚಿತ್ರ ಬೇಕಾಗಿಲ್ಲ, ಪುಸ್ತಕ ಚೆನ್ನಾಗಿದೆ, ಐದರಿಂದ ಒಂಬತ್ತು ವರ್ಷದ ಮಕ್ಕಳಿಗೆಲ್ಲ ಹಿಡಿಸುತ್ತದೆ. ಇಷ್ಟೇ ಅದರ ಭಾವ. ಹತ್ತು ವರ್ಷದ ವಿಮರ್ಶಕ ಒಂಬತ್ತಕ್ಕೆ ಗೆರೆ ಎಳೆದದ್ದನ್ನು ಗಮನಿಸಬೇಕು. ತಾನು ಆ ವಯಸ್ಸು ದಾಟಿದವನು ಎಂಬ ಗಾಂಭೀರ್ಯ ಅವನಿಗಿತ್ತು!

ಆ ವರದಿಯೊಂದೇ ಸಾಕಾಯಿತು. 1937ರ ಸೆಪ್ಟೆಂಬರ್ 21ರಂದು ‘ದಿ ಹಾಬಿಟ್’ ಪ್ರಕಟವಾಯಿತು. ಮೊದಲ ಮುದ್ರಣ 1,500 ಪ್ರತಿ. ಅದೇ ಡಿಸೆಂಬರಿನೊಳಗೆ ಖಾಲಿ. ಚಿತ್ರ ಬೇಡವೆಂಬ ಹುಡುಗನ ಸಲಹೆಯನ್ನು ಮಾತ್ರ ಪಾಲಿಸಲಿಲ್ಲ. ಟೋಲ್ಕಿನ್ ತಾವೇ ಬಿಡಿಸಿದ ಚಿತ್ರಗಳೊಂದಿಗೆ ಪುಸ್ತಕ ಬಂತು. ತನ್ನ ವರದಿ ದೊಡ್ಡ ವಿಮರ್ಶೆಯೇನಲ್ಲ, ಆದರೆ ಪುಸ್ತಕ ಹೊರಬರುವುದಕ್ಕೆ ಅದು ಸಾಕಾಯಿತು ಎಂದು ರೇನರ್ ಮುಂದೆ ದೊಡ್ಡವರಾದ ಮೇಲೆ ವಿನೋದದಿಂದ ಹೇಳಿದ್ದುಂಟು.

ಈ ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಹುಡುಗ ಮೆಚ್ಚಿದ, ಪುಸ್ತಕ ಗೆದ್ದಿತು, ಎಲ್ಲರಿಗೂ ಸಂತೋಷ. ಆದರೆ ಅದರ ಮುಂದಿನ ಭಾಗ ಇನ್ನೂ ಸ್ವಾರಸ್ಯದ್ದು. ಓದುಗರು ಹಾಬಿಟ್ಟಿನ ಇನ್ನೊಂದು ಕಥೆ ಕೇಳಿದರು. ಟೋಲ್ಕಿನ್ ಬರೆಯತೊಡಗಿದರು. 1938ರಲ್ಲಿ ಹೊಸ ಕಥೆಯ ಮೊದಲ ಅಧ್ಯಾಯವನ್ನು ಪ್ರಕಾಶಕರಿಗೆ ಕಳುಹಿಸಿದಾಗ, ಅದನ್ನು ರೇನರ್ ಓದಿ ಹೇಳಲಿ ಎಂದು ಅವರೇ ಬಯಸಿದರು. ಹನ್ನೆರಡು ವರ್ಷದ ಹುಡುಗ ಓದಿ ಮೆಚ್ಚಿದ. ಮುಂದಿನ ಎರಡು ಅಧ್ಯಾಯ ಓದಿದಾಗ ಮಾತ್ರ ಅವನಿಗೆ ಒಂದು ಕೊರತೆ ಕಂಡಿತು. ಹಾಬಿಟ್ಟುಗಳ ಮಾತುಕತೆ ಹೆಚ್ಚಾಯಿತು, ಅದರಿಂದ ಕಥೆ ಎಳೆದಂತಾಗಿದೆ ಎಂದ. ಪ್ರಾಧ್ಯಾಪಕರು ಸಿಟ್ಟಾಗಲಿಲ್ಲ. ‘ಚಿಕ್ಕವನಿಗೆ ಏನು ತಿಳಿಯುತ್ತದೆ’ ಎನ್ನಲಿಲ್ಲ. ಆ ಮಾತುಕತೆಗಳು ತಮಗೆ ಬಹಳ ಮೋಜೆನಿಸುತ್ತವೆ ಎಂಬುದನ್ನು ಒಪ್ಪಿಕೊಂಡು, ಅದಕ್ಕೆ ಕಡಿವಾಣ ಹಾಕಬೇಕೆಂದು ಪ್ರಕಾಶಕರಿಗೆ ಉತ್ತರ ಬರೆದರು.

ಈ ಎರಡನೆಯ ಅಭಿಪ್ರಾಯ ಮೊದಲನೆಯದಕ್ಕಿಂತ ದೊಡ್ಡದು. ಏಕೆಂದರೆ, ‘ಇದು ನನಗೆ ಹಿಡಿಸಲಿಲ್ಲ’ ಎಂದು ಹೇಳಬಲ್ಲ ಮಗು ‘ಇದು ಚೆನ್ನಾಗಿದೆ’ ಎಂದಾಗ ಮಾತ್ರ ಆ ಮಾತಿಗೆ ತೂಕ. ಬೇಡವೆನ್ನುವ ಸ್ವಾತಂತ್ರ್ಯವಿಲ್ಲದವನ ಹೊಗಳಿಕೆ ಬರಿಯ ಉಪಚಾರದ ಮಾತು. ಒಂದು ಶಿಲಿಂಗಿನಿಂದ ಆ ಹುಡುಗನಿಗೆ ಸಿಕ್ಕಿದ್ದು ಇದೇ: ತನ್ನ ಮಾತಿನಿಂದ ಏನೋ ಆಗುತ್ತದೆ, ಆದ್ದರಿಂದ ಯೋಚಿಸಿ ಹೇಳಬೇಕು ಎಂಬ ಅರಿವು.

ಆ ಅರಿವು ಎಲ್ಲಿಗೆ ಮುಟ್ಟಿತು? ಹಾಬಿಟ್ಟಿನ ಎರಡನೆಯ ಕಥೆ ಬೆಳೆಯುತ್ತ ಬೆಳೆಯುತ್ತ ಮಕ್ಕಳ ಪುಸ್ತಕವಾಗಿ ಉಳಿಯಲಿಲ್ಲ. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಎಂಬ ಬೃಹತ್ ಕೃತಿಯಾಯಿತು. 1952ರಲ್ಲಿ ಅದರ ಹಸ್ತಪ್ರತಿಯನ್ನು ಟೋಲ್ಕಿನ್ನರಿಂದ ತರಲು ಆಕ್ಸ್‌ಫರ್ಡಿಗೆ ಹೋದವರು ತಂದೆಯ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದ್ದ ಅದೇ ರೇನರ್. ಲೆಕ್ಕ ಹಾಕಿದರೆ ಪುಸ್ತಕದಿಂದ ಸಾವಿರ ಪೌಂಡ್ ನಷ್ಟವಾಗುವ ಹಾಗಿತ್ತು. ದೂರ ಪ್ರವಾಸದಲ್ಲಿದ್ದ ತಂದೆಗೆ ಅವರು ಅದನ್ನು ಮುಚ್ಚಿಡದೆ ತಿಳಿಸಿದರು. ಆದರೂ ಇದು ಪ್ರತಿಭೆಯ ಕೃತಿ ಎಂದರು. ನಿನಗೆ ಹಾಗೆನಿಸಿದರೆ ಸಾವಿರ ಪೌಂಡ್ ಕಳೆದುಕೊಳ್ಳಲು ಅಡ್ಡಿಯಿಲ್ಲ ಎಂಬರ್ಥದ ಉತ್ತರ ಬಂತು. 1954 ಮತ್ತು 1955ರಲ್ಲಿ ಮೂರು ಸಂಪುಟಗಳಾಗಿ ಬಂದ ಆ ಕೃತಿ ಮುಂದೆ ಜಗತ್ತಿನಲ್ಲೆಲ್ಲ ಕೋಟಿಗಟ್ಟಲೆ ಮಾರಾಟವಾಯಿತು. ಹತ್ತು ವರ್ಷದವನ ಮಾತನ್ನು ನಂಬಿದ ತಂದೆ ಅವನಿಗೆ ಇಪ್ಪತ್ತಾರು ತುಂಬಿದಾಗಲೂ ನಂಬಿದರು. ನಡುವಿನ ಹದಿನಾರು ವರ್ಷದಲ್ಲಿ ಒಬ್ಬ ಓದುಗ ತಯಾರಾಗಿದ್ದ.

ಹಾಗಾದರೆ ಮಕ್ಕಳ ತೀರ್ಪು ಎಂದೂ ತಪ್ಪುವುದಿಲ್ಲವೆ? ಹಾಗೆ ಹೇಳಿದರೆ ಅದು ಮುಖಸ್ತುತಿಯಾದೀತು. ಇದಕ್ಕೆ ಇನ್ನೂ ಹಳೆಯದೊಂದು ಉದಾಹರಣೆ ಉಂಟು. 1881ರ ಬೇಸಿಗೆ ರಜೆ. ಸ್ಕಾಟ್ಲೆಂಡಿನ ಬ್ರೇಮಾರ್ ಎಂಬ ಊರಿನಲ್ಲಿ ಮಳೆ ಹಿಡಿದಿತ್ತು. ರಾಬರ್ಟ್ ಲೂಯಿ ಸ್ಟೀವನ್‌ಸನ್ ತಮ್ಮ ಹೆಂಡತಿಯ ಮೊದಲ ಮದುವೆಯ ಮಗ ಲಾಯ್ಡ್ ಆಸ್ಬರ್ನ್‌ನೊಡನೆ ಬಣ್ಣ ಹಚ್ಚುತ್ತ ಕುಳಿತಿದ್ದರು. ಅಲ್ಲಿ ಮೂಡಿದ ಒಂದು ದ್ವೀಪದ ನಕ್ಷೆಯಿಂದ ‘ಟ್ರೆಷರ್ ಐಲೆಂಡ್’ ಹುಟ್ಟಿತು. ಬರೆದ ಅಧ್ಯಾಯವನ್ನು ಮನೆಯವರ ಮುಂದೆ ಗಟ್ಟಿಯಾಗಿ ಓದುತ್ತಿದ್ದರು. ಹದಿಮೂರರ ಹುಡುಗನೇ ಮುಖ್ಯ ಕೇಳುಗ. ಕಥೆಯಲ್ಲಿ ಹೆಂಗಸರು ಬೇಡ ಎಂಬುದು ಅವನ ಷರತ್ತು. ಅದನ್ನೂ ಲೇಖಕರು ಒಪ್ಪಿದರು. ಜಿಮ್ ಹುಡುಗನ ತಾಯಿಯನ್ನು ಬಿಟ್ಟರೆ ಆ ಪುಸ್ತಕದಲ್ಲಿ ಹೆಂಗಸರ ಮಾತು ಕೇಳಿಸುವುದೇ ಇಲ್ಲ ಎನ್ನಬಹುದು. ಮೆಚ್ಚುವ ಹುಡುಗನಿಗೆ ಕಥೆ ಕಟ್ಟಿಕೊಟ್ಟಾಗ, ಅವನ ರುಚಿಯ ಜೊತೆಗೆ ಅವನ ಮಿತಿಯೂ ಪುಸ್ತಕದೊಳಗೆ ಬಂದು ಕೂರುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಆ ಕಥೆ ‘ಯಂಗ್ ಫೋಕ್ಸ್’ ಎಂಬ ಮಕ್ಕಳ ವಾರಪತ್ರಿಕೆಯಲ್ಲಿ 1881ರಿಂದ 82ರವರೆಗೆ ಧಾರಾವಾಹಿಯಾಗಿ ಬಂತು. ಮನೆಯ ಹುಡುಗ ಕುಣಿದಾಡಿದ ಕಥೆಗೆ ಪತ್ರಿಕೆಯ ಮಕ್ಕಳಿಂದ ಅಂಥ ಸ್ವಾಗತವೇನೂ ಸಿಗಲಿಲ್ಲ. ಅದೇ ಲೇಖಕರು 1883ರಲ್ಲಿ ಅದೇ ಪತ್ರಿಕೆಗೆ ಬರೆದ ‘ದಿ ಬ್ಲ್ಯಾಕ್ ಆ್ಯರೋ’ ಮಕ್ಕಳಿಗೆ ಹೆಚ್ಚು ಹಿಡಿಸಿತು. ಸ್ಟೀವನ್‌ಸನ್ನರೇ ಈ ಸೋಜಿಗವನ್ನು ಆ ಪುಸ್ತಕದ ಅರ್ಪಣೆಯಲ್ಲಿ ಪ್ರಸ್ತಾಪಿಸಿದ್ದಾರೆ. ಇಂದು ಕೇಳಿದರೆ ‘ಟ್ರೆಷರ್ ಐಲೆಂಡ್’ ಹೆಸರು ಗೊತ್ತಿರುವ ನೂರು ಜನರಲ್ಲಿ ಇನ್ನೊಂದರ ಹೆಸರು ಗೊತ್ತಿರುವವರು ಕೆಲವರು ಸಿಕ್ಕಾರು. ಹುಡುಗರ ಒಂದು ಪೀಳಿಗೆ ಹಿಂದೆ ಸರಿಸಿದ್ದನ್ನು ಮುಂದಿನ ಪೀಳಿಗೆಗಳು ಎತ್ತಿ ಹಿಡಿದವು.

ದೊಡ್ಡವರೂ ತಪ್ಪುತ್ತಾರೆ, ಅದನ್ನೂ ಹೇಳಬೇಕು. ಅಮೆರಿಕದಲ್ಲಿ ಮಕ್ಕಳ ಪುಸ್ತಕಕ್ಕೆ 1922ರಿಂದ ನ್ಯೂಬೆರಿ ಪದಕ ಕೊಡುತ್ತಿದ್ದಾರೆ. ಆರಿಸುವವರು ಗ್ರಂಥಪಾಲಕರು. 1953ರಲ್ಲಿ ಇ.ಬಿ. ವೈಟ್ ಅವರ ‘ಷಾರ್ಲೆಟ್ಸ್ ವೆಬ್’ ಅವರ ಮುಂದಿತ್ತು. ಕೊಲೆಗೆ ಗುರಿಯಾದ ಹಂದಿಮರಿಯೊಂದನ್ನು ಜೇಡವೊಂದು ಬಲೆಯಲ್ಲಿ ಅಕ್ಷರ ನೇಯ್ದು ಉಳಿಸುವ ಕಥೆ. ಪದಕ ಬೇರೊಂದು ಪುಸ್ತಕಕ್ಕೆ ಹೋಯಿತು. ಇದಕ್ಕೆ ಸಿಕ್ಕಿದ್ದು ಗೌರವದ ಸ್ಥಾನ ಮಾತ್ರ. ಅಮೆರಿಕದ ಹಳ್ಳಿಗಾಡಿನ ಬಾಲ್ಯವನ್ನು ಸರಣಿ ಪುಸ್ತಕಗಳಲ್ಲಿ ಬರೆದ ಲಾರಾ ಇಂಗಲ್ಸ್ ವೈಲ್ಡರ್ ಅವರಿಗೆ ಐದು ಸಲ ಗೌರವದ ಸ್ಥಾನ ಸಿಕ್ಕರೂ ಪದಕ ಒಮ್ಮೆಯೂ ಸಿಗಲಿಲ್ಲ. ತೀರ್ಪು ಎಂದ ಮೇಲೆ ತಪ್ಪುವುದು ಇದ್ದೇ ಇದೆ. ದೊಡ್ಡವರ ತಪ್ಪನ್ನು ಸಹಿಸುವವರು ಮಕ್ಕಳ ತಪ್ಪನ್ನೇಕೆ ಸಹಿಸಬಾರದು?

ಇಂಥದೊಂದು ಯೋಚನೆಯಿಂದಲೇ ಮಕ್ಕಳ ಕೈಗೆ ಬಹುಮಾನ ಕೊಡುವ ಅಧಿಕಾರ ಬಂದದ್ದು. ಅಮೆರಿಕದ ಪಶ್ಚಿಮ ಕರಾವಳಿಯ ಸಿಯಾಟಲ್ ನಗರದಲ್ಲಿ ಹ್ಯಾರಿ ಹಾರ್ಟ್‌ಮನ್ ಎಂಬ ಪುಸ್ತಕ ವ್ಯಾಪಾರಿ ಇದ್ದರು. ತನಗೆ ಸಂತೋಷ ಕೊಡುವ ಪುಸ್ತಕವನ್ನು ಆರಿಸುವ ಅವಕಾಶ ಪ್ರತಿ ಮಗುವಿಗೂ ಇರಬೇಕೆಂಬುದು ಅವರ ವಾದ. ಅವರ ಒತ್ತಾಸೆಯಿಂದ ಆ ಭಾಗದ ಗ್ರಂಥಾಲಯ ಸಂಘವು 1940ರಲ್ಲಿ ‘ಯಂಗ್ ರೀಡರ್ಸ್ ಚಾಯ್ಸ್’ ಎಂಬ ಪ್ರಶಸ್ತಿಯನ್ನು ಆರಂಭಿಸಿತು. ಅಮೆರಿಕ, ಕೆನಡಾ ಎರಡೂ ದೇಶಗಳ ಆ ವಾಯವ್ಯ ಸೀಮೆಯ ಮಕ್ಕಳು ಅದರ ಮತದಾರರು. 1952ರಲ್ಲಿ ಕ್ಯಾನ್ಸಸ್ ರಾಜ್ಯದಲ್ಲಿ ವಿಲಿಯಂ ಆಲೆನ್ ವೈಟ್ ಎಂಬ ಪತ್ರಿಕೋದ್ಯಮಿಯ ಹೆಸರಿನಲ್ಲಿ ಇಂಥದೇ ಪ್ರಶಸ್ತಿ ಬಂತು. ಆಮೇಲೆ ಒಂದೊಂದಾಗಿ ಅಮೆರಿಕದ ಬಹುತೇಕ ರಾಜ್ಯಗಳು ಈ ದಾರಿ ಹಿಡಿದವು.

ಈ ಪ್ರಶಸ್ತಿಗಳ ನಿಯಮಗಳಲ್ಲಿ ಒಂದು ಸಣ್ಣ ಸಂಗತಿ ಗಮನಿಸುವಂಥದು. ಮತ ಹಾಕಬೇಕಾದರೆ ಮಗು ಪಟ್ಟಿಯಲ್ಲಿರುವ ಪುಸ್ತಕಗಳಲ್ಲಿ ಕಡೆಯ ಪಕ್ಷ ಎರಡನ್ನು ಓದಿರಬೇಕು. ಒಂದೇ ಪುಸ್ತಕ ಓದಿದವನಿಗೆ ಮತವಿಲ್ಲ. ಏಕೆ? ಒಂದನ್ನೇ ಓದಿದವನು ‘ಚೆನ್ನಾಗಿದೆ’ ಎನ್ನಬಲ್ಲ, ಅಷ್ಟೆ. ಎರಡು ಓದಿದವನು ‘ಅದಕ್ಕಿಂತ ಇದು ಚೆನ್ನಾಗಿದೆ’ ಎನ್ನುತ್ತಾನೆ. ಹಾಗೆಂದ ಕೂಡಲೇ ಪಕ್ಕದಲ್ಲಿದ್ದವನು ‘ಹೇಗೆ?’ ಎನ್ನುತ್ತಾನೆ. ಮೊದಲನೆಯದು ಬಾಯಿಚಪಲ, ಎರಡನೆಯದು ವಿಮರ್ಶೆಯ ಮೊದಲ ಮೆಟ್ಟಿಲು. ಹೋಟೆಲಿಗೆ ಹೋಗಿ ಒಂದೇ ದೋಸೆ ತಿಂದವನು ಊರಿನ ದೋಸೆಗಳ ಬಗ್ಗೆ ತೀರ್ಪು ಕೊಡಲಾರನಷ್ಟೆ?

ಯುರೋಪಿನಲ್ಲಿ ಇದೇ ಪ್ರಯೋಗ ಇನ್ನೊಂದು ರೂಪ ತಾಳಿತು. ನೆದರ್ಲೆಂಡ್ಸ್ ದೇಶದಲ್ಲಿ ವರ್ಷದ ಅತ್ಯುತ್ತಮ ಮಕ್ಕಳ ಪುಸ್ತಕಗಳಿಗೆ ದೊಡ್ಡವರ ಸಮಿತಿ ಕೊಡುವ ಪ್ರತಿಷ್ಠಿತ ಬಹುಮಾನ ಮೊದಲೇ ಇತ್ತು. 1988ರಲ್ಲಿ ಅದರ ಪಕ್ಕಕ್ಕೆ ‘ಕಿಂಡರ್ ಯೂರಿ’, ಅಂದರೆ ಮಕ್ಕಳ ನ್ಯಾಯಮಂಡಲಿ, ಹುಟ್ಟಿತು. ಆರರಿಂದ ಹನ್ನೆರಡು ವರ್ಷದವರು ಮತ ಹಾಕುವವರು. ಎರಡು ಸಮಿತಿಗಳ ಆಯ್ಕೆ ಸಾಮಾನ್ಯವಾಗಿ ಕೂಡಿಬರಲಿಲ್ಲ. ಪಂಡಿತರು ಭಾಷೆಯ ಕುಸುರಿಗೆ, ಹೊಸತನಕ್ಕೆ ಮಣೆ ಹಾಕಿದರು. ಮಕ್ಕಳು ತೋಳಮಾನವನಾಗುವ ಹುಡುಗನ ಕಥೆ ಬರೆದ ಪಾಲ್ ವಾನ್ ಲೋನ್ ಅವರನ್ನೂ, ಶಾಲೆಯ ಜಗಳ, ಮನೆಯ ಒಡಕುಗಳ ಬಗ್ಗೆ ಬರೆದ ಕ್ಯಾರಿ ಸ್ಲೇ ಅವರನ್ನೂ ಮತ್ತೆ ಮತ್ತೆ ಗೆಲ್ಲಿಸಿದರು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ. ಮತ ಎಣಿಸಿದರೆ ಗೆಲ್ಲುವುದು ಎಲ್ಲರೂ ಓದಿದ ಪುಸ್ತಕ. ಎಲ್ಲರೂ ಓದುವುದು ಅಂಗಡಿಯಲ್ಲಿ ರಾಶಿ ಬಿದ್ದ ಪುಸ್ತಕ. ಹಾಗಾದರೆ ಮಕ್ಕಳ ಪ್ರಶಸ್ತಿ ಎಂಬುದು ಮಾರಾಟದ ಪಟ್ಟಿಯ ನಕಲಾಗುವುದಿಲ್ಲವೆ? ಒಂದೂರಿನ ಒಬ್ಬಳೇ ಹುಡುಗಿ ಹತ್ತು ಸಲ ಓದಿ, ತಲೆದಿಂಬಿನ ಕೆಳಗಿಟ್ಟುಕೊಂಡ ಪುಸ್ತಕಕ್ಕೆ ಒಂದೇ ಮತ. ಪಟ್ಟಿ ಮಾಡುವವರು ದೊಡ್ಡವರೇ ಆದರೆ, ಮಕ್ಕಳು ಆರಿಸಿದ್ದು ದೊಡ್ಡವರು ಬಡಿಸಿದ ಎಲೆಯಿಂದಲ್ಲವೆ? ನಿಜ. ಎಣಿಕೆಯಿಂದ ಜನಪ್ರಿಯತೆ ಗೊತ್ತಾದೀತು, ಅಭಿಪ್ರಾಯ ಗೊತ್ತಾಗುವುದಿಲ್ಲ. ಅಭಿಪ್ರಾಯಕ್ಕೆ ಕಾರಣ ಬೇಕು, ಕಾರಣ ಹೇಳಲು ಎದುರಿಗೊಬ್ಬ ಬೇಕು.

ಜರ್ಮನಿಯವರು ಹಿಡಿದ ದಾರಿ ಈ ಆಕ್ಷೇಪಕ್ಕೆ ಉತ್ತರದಂತಿದೆ. ಅಲ್ಲಿನ ಸರ್ಕಾರಿ ಬಾಲಸಾಹಿತ್ಯ ಪ್ರಶಸ್ತಿ 1956ರಿಂದ ಇದೆ. 2003ರಲ್ಲಿ ಅದಕ್ಕೆ ಎಳೆಯ ಓದುಗರದೇ ಒಂದು ಸಮಿತಿಯನ್ನು ಸೇರಿಸಿದರು. ದೇಶದ ಬೇರೆ ಬೇರೆ ಕಡೆಯ ಆರು ಓದುವ ಕೂಟಗಳು ಅದರಲ್ಲಿರುತ್ತವೆ. ಆ ಕೂಟದ ಹುಡುಗ ಹುಡುಗಿಯರು ವರ್ಷವಿಡೀ ಹೊಸ ಪುಸ್ತಕಗಳನ್ನು ಓದಿ, ಕೂಡಿ ಕುಳಿತು ವಾದಿಸಿ, ಆರು ಪುಸ್ತಕಗಳನ್ನು ಮುಂದಿಡುತ್ತಾರೆ. ಆರಿಸಿದರೆ ಮುಗಿಯಲಿಲ್ಲ, ಏಕೆ ಆರಿಸಿದೆವು ಎಂದು ಬರೆಯಬೇಕು. ಆ ಬರಹ ದೊಡ್ಡವರ ಬರಹದ ಪಕ್ಕದಲ್ಲೇ ಅಚ್ಚಾಗುತ್ತದೆ. ಹೆಸರುಗಳನ್ನು ಲೀಪ್‌ಜಿಗ್ ಪುಸ್ತಕ ಮೇಳದಲ್ಲಿ ಸಾರುತ್ತಾರೆ, ಬಹುಮಾನವನ್ನು ಫ್ರಾಂಕ್‌ಫರ್ಟ್ ಮೇಳದಲ್ಲಿ ಕೊಡುತ್ತಾರೆ. ಇಲ್ಲಿ ಮತಪೆಟ್ಟಿಗೆಗಿಂತ ಮಾತಿನ ಜಗಲಿ ಮುಖ್ಯ.

ಆ ಜಗಲಿಯ ಮಾತನ್ನು ಹೊರಡಿಸುವುದು ಹೇಗೆ? ಇದಕ್ಕೆ ದಾರಿ ತೋರಿದವರಲ್ಲಿ ಇಂಗ್ಲೆಂಡಿನ ಏಡನ್ ಚೇಂಬರ್ಸ್ ಮುಖ್ಯರು. ಶಿಕ್ಷಕರಾಗಿದ್ದವರು, ಎಳೆಯರಿಗಾಗಿ ಕಾದಂಬರಿಗಳನ್ನು ಬರೆದವರು. 2002ರಲ್ಲಿ ಹ್ಯಾನ್ಸ್ ಆ್ಯಂಡರ್‌ಸನ್ ಪ್ರಶಸ್ತಿ ಪಡೆದವರು. ಅವರು 1993ರಲ್ಲಿ ಒಂದು ಪುಸ್ತಕ ಬರೆದರು. ಅದರ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ, ‘ಹೇಳು ನೋಡೋಣ’. ಮಕ್ಕಳೊಡನೆ ಪುಸ್ತಕದ ಬಗ್ಗೆ ಮಾತಾಡುವಾಗ ‘ಏಕೆ?’ ಎಂದು ಕೇಳಬೇಡಿ ಎನ್ನುತ್ತಾರೆ ಅವರು. ‘ಏಕೆ ಹಿಡಿಸಿತು?’ ಎಂದು ಮೇಷ್ಟರು ಕೇಳಿದೊಡನೆ ಮಗುವಿಗೆ ಅದು ಪರೀಕ್ಷೆಯ ಪ್ರಶ್ನೆಯಂತೆ ಕೇಳಿಸುತ್ತದೆ. ಎಲ್ಲೋ ಒಂದು ಸರಿಯುತ್ತರ ಇದೆ, ಅದನ್ನು ಊಹಿಸಬೇಕು ಎಂದು ಅದರ ಬಾಯಿ ಕಟ್ಟುತ್ತದೆ. ಬದಲಿಗೆ ‘ಹೇಳು ನೋಡೋಣ’ ಎಂದರೆ ಮಾತು ತಾನಾಗಿ ಬರುತ್ತದೆ. ಆರಂಭಕ್ಕೆ ಅವರು ಕೊಡುವ ಪ್ರಶ್ನೆಗಳು ನಾಲ್ಕೇ. ನಿನಗೆ ಹಿಡಿಸಿದ್ದು ಏನಾದರೂ ಇತ್ತೆ? ಹಿಡಿಸದ್ದು ಏನಾದರೂ ಇತ್ತೆ? ಅರ್ಥವಾಗದೆ ಗೊಂದಲವಾದದ್ದು ಇತ್ತೆ? ಒಂದಕ್ಕೊಂದು ಹೋಲುವಂಥದು, ಮತ್ತೆ ಮತ್ತೆ ಬರುವಂಥದು ಏನಾದರೂ ಕಂಡಿತೆ?

ನಾಲ್ಕರಲ್ಲಿ ಎರಡನೆಯದನ್ನು ಮತ್ತೊಮ್ಮೆ ನೋಡಿ. ಹಿಡಿಸದ್ದು ಏನು? ಅದು ಹನ್ನೆರಡು ವರ್ಷದ ರೇನರ್ ಯಾರೂ ಬಿಡಿಸಿ ಕೇಳದೆಯೇ ಉತ್ತರಿಸಿದ ಪ್ರಶ್ನೆ. ಮೂರನೆಯದೂ ಅಷ್ಟೇ ಬೆಲೆಯುಳ್ಳದ್ದು. ತರಗತಿಯಲ್ಲಿ ‘ಅರ್ಥವಾಗಲಿಲ್ಲ’ ಎನ್ನುವುದು ಅವಮಾನ. ಇಲ್ಲಿ ಅದು ಚರ್ಚೆಗೆ ಬಾಗಿಲು. ಒಬ್ಬನಿಗೆ ತಿಳಿಯದ್ದನ್ನು ಇನ್ನೊಬ್ಬಳು ಬಿಡಿಸುತ್ತಾಳೆ. ಹೀಗೆ ಹತ್ತು ಮಕ್ಕಳು ಸೇರಿ ಓದಿದ ಕಥೆ ಒಬ್ಬೊಬ್ಬರೇ ಓದಿದ್ದಕ್ಕಿಂತ ದೊಡ್ಡದಾಗುತ್ತದೆ.

ಈಗ ನಮ್ಮ ಕಡೆಗೆ ತಿರುಗಬೇಕು. ಕನ್ನಡದಲ್ಲಿ ಮಕ್ಕಳ ಸಾಹಿತ್ಯ ಬಡವಲ್ಲ. ಪಂಜೆ ಮಂಗೇಶರಾಯರು, ಕುವೆಂಪು, ಶಿವರಾಮ ಕಾರಂತರು ಮಕ್ಕಳಿಗಾಗಿ ಬರೆದಿದ್ದಾರೆ. ಅದನ್ನು ಕೀಳು ಕೆಲಸವೆಂದು ಎಣಿಸಲಿಲ್ಲ. ಜಿ.ಪಿ. ರಾಜರತ್ನಂ ಅವರು ಶಿಶುಗೀತೆಗಳಿಗೆ ಕೈಹಾಕಿದ್ದು ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದಾಗ. ಶಾಲೆಯಲ್ಲಿ ಹೇಳಿಕೊಡಬೇಕಾಗಿದ್ದ ಹಳೆಯ ಪದ್ಯಗಳಲ್ಲಿ ಸತ್ವವಿಲ್ಲ ಎನಿಸಿ ಅವರು ತಾವೇ ಬರೆಯಹೊರಟರು, ‘ತುತ್ತೂರಿ’ ಬಂತು. ಎದುರಿಗೆ ಕುಳಿತ ಮಕ್ಕಳ ಮುಖದಲ್ಲಿ ಪದ್ಯದ ಬೆಲೆಯನ್ನು ಓದಬಲ್ಲ ಮೇಷ್ಟರು ಅವರು. 1949ರಿಂದ ಕನ್ನಡದಲ್ಲಿ ಬಂದ ‘ಚಂದಮಾಮ’ದಲ್ಲಿ ಚಿತ್ರಗಳಿಗೆ ತಲೆಬರಹ ಬರೆದು ಕಳುಹಿಸುವ ಸ್ಪರ್ಧೆ ಇರುತ್ತಿತ್ತು. ಅಂಚೆ ಕಾರ್ಡಿನಲ್ಲಿ ಎರಡು ಸಾಲು ಬರೆದು, ಮುಂದಿನ ಸಂಚಿಕೆಗಾಗಿ ತಿಂಗಳಿಡೀ ಕಾದವರು ಇಂದು ಅಜ್ಜ ಅಜ್ಜಿಯರಾಗಿದ್ದಾರೆ. ತನ್ನ ಮಾತು ಅಚ್ಚಾಗಬಹುದು ಎಂಬ ಆಸೆಯ ರುಚಿ ಅವರಿಗೆ ಗೊತ್ತು.

ಆದರೆ ಪುಸ್ತಕದ ಬಗ್ಗೆ ಮಗುವಿನ ಮಾತನ್ನು ನಾವು ಹೇಗೆ ಕೇಳುತ್ತೇವೆ? ಕಥೆ ಮುಗಿಯುತ್ತಿದ್ದಂತೆ ನಮ್ಮ ಪ್ರಶ್ನೆ ಒಂದೇ: ‘ಈ ಕಥೆಯ ನೀತಿ ಏನು?’ ಆಮೆ ಮೊಲದ ಕಥೆಯಲ್ಲಿ ಮೊಲದ ಪರ ವಹಿಸಿದ ಮಗುವಿಗೆ ಜಾಗವಿಲ್ಲ. ಮಲಗಿದ್ದವನನ್ನು ಎಬ್ಬಿಸದೆ ಹೋದ ಆಮೆಯದೇನು ದೊಡ್ಡತನ ಎಂದು ಕೇಳುವ ಹುಡುಗಿ ತಲೆಹರಟೆ ಎನಿಸಿಕೊಳ್ಳುತ್ತಾಳೆ. ‘ನಾನು ಓದಿದ ಪುಸ್ತಕ’ ಎಂದು ಶಾಲೆಯಲ್ಲಿ ಪ್ರಬಂಧ ಬರೆಸಿದರೆ, ಮೊದಲ ಸಾಲಿನಲ್ಲಿ ಲೇಖಕರ ಹೆಸರು, ಕೊನೆಯ ಸಾಲಿನಲ್ಲಿ ‘ಆದ್ದರಿಂದ ಎಲ್ಲರೂ ಈ ಪುಸ್ತಕವನ್ನು ಓದಬೇಕು’. ನಡುವೆ ಬೆನ್ನುಡಿಯ ನಕಲು. ಓದಬಾರದು ಎಂದು ಬರೆದ ಪ್ರಬಂಧಕ್ಕೆ ಅಂಕ ಸಿಕ್ಕೀತೆ? ಸಿಗದು ಎಂಬುದು ಮಗುವಿಗೆ ಚೆನ್ನಾಗಿ ಗೊತ್ತು. ಆದ್ದರಿಂದ ಅದು ನಮಗೆ ಬೇಕಾದ್ದನ್ನು ಹೇಳಿ, ತನಗೆ ಅನಿಸಿದ್ದನ್ನು ಒಳಗೇ ಇಟ್ಟುಕೊಳ್ಳುತ್ತದೆ. ಸ್ವಲ್ಪ ವರ್ಷವಾದ ಮೇಲೆ ಒಳಗೆ ಅನಿಸುವುದೇ ನಿಂತುಹೋಗುತ್ತದೆ. ಆಮೇಲೆ ‘ಈಗಿನ ಮಕ್ಕಳು ಓದುವುದಿಲ್ಲ’ ಎಂದು ಸಭೆಗಳಲ್ಲಿ ಗೊಣಗುತ್ತೇವೆ.

ಒಳ್ಳೆಯ ಪ್ರಯತ್ನಗಳು ಇಲ್ಲವೆಂದಲ್ಲ. ನ್ಯಾಷನಲ್ ಬುಕ್ ಟ್ರಸ್ಟ್ 1993ರಲ್ಲಿ ಮಕ್ಕಳ ಸಾಹಿತ್ಯಕ್ಕಾಗಿಯೇ ಒಂದು ರಾಷ್ಟ್ರೀಯ ಕೇಂದ್ರವನ್ನು ತೆರೆದು, ಶಾಲೆಗಳಲ್ಲಿ ಓದುಗರ ಕೂಟಗಳನ್ನು ಕಟ್ಟುವ ಕೆಲಸಕ್ಕೆ ಇಳಿಯಿತು. ಕರ್ನಾಟಕದಲ್ಲಿ ಮಕ್ಕಳನ್ನೇ ಅಧ್ಯಕ್ಷರ ಪೀಠದಲ್ಲಿ ಕೂರಿಸುವ ಮಕ್ಕಳ ಸಾಹಿತ್ಯ ಸಮ್ಮೇಳನಗಳು ನಡೆದಿವೆ. 2020ರ ನವೆಂಬರಿನಲ್ಲಿ, ಮಕ್ಕಳ ದಿನಾಚರಣೆಯ ಹೊತ್ತಿಗೆ, ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ‘ಓದುವ ಬೆಳಕು’ ಎಂಬ ಕಾರ್ಯಕ್ರಮ ಆರಂಭವಾಯಿತು. ಕೊರೋನಾದಿಂದ ಶಾಲೆಗಳು ಮುಚ್ಚಿದ್ದ ಕಾಲ ಅದು. ಹಳ್ಳಿಯ ಮಕ್ಕಳಿಗೆ ಈ ಗ್ರಂಥಾಲಯಗಳ ಉಚಿತ ಸದಸ್ಯತ್ವ ಸಿಕ್ಕಿತು. ರಾಜ್ಯದಲ್ಲಿ ಇಂಥ ಗ್ರಂಥಾಲಯಗಳು ಐದು ಸಾವಿರಕ್ಕೂ ಹೆಚ್ಚು. ವೃತ್ತಪತ್ರಿಕೆ ಓದುವ ಹಿರಿಯರ ಜಾಗವೆಂದು ಎಣಿಸಿದ್ದ ಕೋಣೆಗೆ ಮಕ್ಕಳು ಬಂದರು.

ಕೋಣೆ ಸಿಕ್ಕಿದೆ, ಪುಸ್ತಕ ಸಿಕ್ಕಿದೆ. ಇನ್ನು ಬೇಕಾದ್ದು ದುಬಾರಿಯದಲ್ಲ. ಗೋಡೆಗೊಂದು ಹಲಗೆ. ಓದಿ ಮುಗಿಸಿದ ಮಗು ಒಂದು ಚೀಟಿಯಲ್ಲಿ ಎರಡು ಸಾಲು ಬರೆದು ಅಲ್ಲಿ ಸಿಕ್ಕಿಸಬಹುದು. ಹಿಡಿಸಿತು ಎಂದೂ ಬರೆಯಬಹುದು, ಅರ್ಧಕ್ಕೆ ಬಿಟ್ಟೆ ಎಂದೂ ಬರೆಯಬಹುದು. ಕಾಗುಣಿತ ತಿದ್ದುವುದು ಬೇಡ. ರೇನರನ ವರದಿಯಲ್ಲೂ ತಪ್ಪುಗಳಿದ್ದವು. ಮುಂದೆ ಬರುವ ಮಗು ಮೇಷ್ಟರ ಶಿಫಾರಸಿಗಿಂತ ಆ ಚೀಟಿಯನ್ನು ಹೆಚ್ಚು ನಂಬುತ್ತದೆ. ಬರೆದದ್ದು ತನ್ನ ಓರಗೆಯವನು, ಅವನಿಗೆ ಸುಳ್ಳು ಹೇಳಿ ಆಗಬೇಕಾದ್ದೇನೂ ಇಲ್ಲ. ತಿಂಗಳಿಗೊಮ್ಮೆ ಒಂದೇ ಪುಸ್ತಕ ಓದಿದ ಐದಾರು ಮಕ್ಕಳು ಒಟ್ಟಿಗೆ ಕುಳಿತರೆ, ಆ ನಾಲ್ಕು ಪ್ರಶ್ನೆಗಳು ಸಾಕು.

ಒಂದು ಷರತ್ತು ಮಾತ್ರ ಇದೆ, ಅದು ದೊಡ್ಡವರಿಗೆ ಸೇರಿದ್ದು. ಕೇಳಿದ ಮೇಲೆ ಕೇಳಿಸಿಕೊಳ್ಳಬೇಕು. ಮಕ್ಕಳು ಒಂದು ಬಗೆಯ ಪುಸ್ತಕ ಇನ್ನಷ್ಟು ಬೇಕೆಂದರೆ ಮುಂದಿನ ಖರೀದಿಯಲ್ಲಿ ಅದು ಬರಬೇಕು. ಒಂದು ಕಪಾಟಿನ ಪುಸ್ತಕಗಳನ್ನು ಯಾರೂ ಮುಟ್ಟುತ್ತಿಲ್ಲವಾದರೆ, ‘ಮಕ್ಕಳಿಗೆ ಅಭಿರುಚಿಯಿಲ್ಲ’ ಎನ್ನುವ ಮೊದಲು ಆ ಪುಸ್ತಕವನ್ನು ದೊಡ್ಡವರೊಮ್ಮೆ ಕುಳಿತು ಓದಬೇಕು. ಮಗು ಹೇಳಿದ್ದೆಲ್ಲವನ್ನೂ ಪಾಲಿಸಬೇಕೆಂದಲ್ಲ. ಚಿತ್ರ ಬೇಡವೆಂದ ಹುಡುಗನ ಮಾತನ್ನು ಮೀರಿ ಚಿತ್ರ ಹಾಕಿದ್ದು ಸರಿಯೇ ಆಯಿತು. ಹೆಂಗಸರು ಬೇಡವೆಂದ ಹುಡುಗನಿಗೆ ಇಂದಾದರೆ ಯಾರಾದರೂ ಹುಡುಗಿ ಎದುರುವಾದ ಹೂಡುತ್ತಿದ್ದಳು, ಹೂಡಬೇಕು ಕೂಡ. ಮಕ್ಕಳ ಮಾತಿಗೆ ಬೆಲೆ ಕೊಡುವುದೆಂದರೆ ತಲೆಬಾಗುವುದಲ್ಲ, ಉತ್ತರ ಕೊಡುವುದು.

ಟೋಲ್ಕಿನ್ ಹನ್ನೆರಡು ವರ್ಷದವನಿಗೆ ಮಾಡಿದ್ದು ಅಷ್ಟೇ. ಉತ್ತರ ಕೊಟ್ಟರು. ಹುಡುಗ ಹೇಳಿದ್ದರಲ್ಲಿ ನಿಜವಿದೆಯೇ ಎಂದು ತಮ್ಮ ಬರಹವನ್ನು ತಿರುಗಿ ನೋಡಿದರು. ಜಗತ್ತಿನಲ್ಲಿ ಒಂದು ಮಗುವಿಗೆ ಇದಕ್ಕಿಂತ ದೊಡ್ಡ ಬಹುಮಾನ ಸಿಗಲಾರದು. ಈ ಸಂಜೆ ಮನೆಗೆ ಹೋದಾಗ, ಮೂಲೆಯಲ್ಲಿ ಪುಸ್ತಕ ಹಿಡಿದು ಕುಳಿತ ಮಗುವಿದ್ದರೆ, ನೀತಿ ಏನೆಂದು ಕೇಳುವ ಬದಲು ಪಕ್ಕದಲ್ಲಿ ಕುಳಿತು ‘ಹೇಗಿದೆ, ಹೇಳು ನೋಡೋಣ’ ಎನ್ನಿ. ‘ಬೇಜಾರು’ ಎಂದು ಉತ್ತರ ಬಂದರೆ ಗಾಬರಿಯಾಗಬೇಡಿ. ಮನೆಯಲ್ಲೊಬ್ಬ ಓದುಗ ಹುಟ್ಟಿದ್ದಾನೆ ಎಂದು ತಿಳಿಯಿರಿ.